ಬಂದೂಕಿನ ಕಾಗದದ ಕಡೆಯ ಸಾಲು

ಜಿಡಗಾದ ಸೈದಪ್ಪ ನನ್ನ ಅಜ್ಜಿಯ ಅಣ್ಣ. ಲೆಕ್ಕಕ್ಕೆ ನನಗೆ ಅಜ್ಜನೇ ಆಗಬೇಕು. ಆದರೆ ನಾನು ಹೇಳಹೊರಟ ಸಂಗತಿ ನಡೆದಾಗ ಅವನಿಗೆ ನಲವತ್ತೈದು ತುಂಬಿರಲಿಲ್ಲ, ಮೀಸೆ ಕಪ್ಪಗಿತ್ತು, ಹಾಗಾಗಿ ಇಲ್ಲಿ ಸೈದಪ್ಪ ಎಂದೇ ಕರೆಯುತ್ತೇನೆ. ಬದುಕಿದ್ದರೂ ಅವನು ಬೈಯುತ್ತಿರಲಿಲ್ಲ. ಬೈಯಬೇಕಾದರೆ ಮನುಷ್ಯ ಎಚ್ಚರವಾಗಿರಬೇಕಲ್ಲ. ಅವನು ಕಣ್ಣು ತೆರೆದುಕೊಂಡೇ ಕನಸು ಕಾಣುವವರ ಪೈಕಿ. ಮಾತಿನ ನಡುವೆ ಎಲ್ಲೋ ಹೋಗಿಬಿಡುತ್ತಿದ್ದ. ತಿರುಗಿ ಬಂದಾಗ ನಾವು ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಹಿಡಿಯುತ್ತಿದ್ದ.

ಅವನ ಕೆಲಸ ಬೆಳೆ ಕಾಯುವುದು. ಮಳೆಗಾಲದ ಕೊನೆಯಲ್ಲಿ ಸಜ್ಜೆ, ಚಳಿಗಾಲದಲ್ಲಿ ಬಿಳಿಜೋಳ. ಹೊಲದ ನಡುವೆ ನಾಲ್ಕು ಕಂಬದ ಮೇಲೆ ಒಂದು ಅಟ್ಟ. ಅಟ್ಟದ ಮೇಲೆ ಸೈದಪ್ಪ. ಅವನ ತೊಡೆಯ ಮೇಲೆ ಬಾಯಿಂದ ಮದ್ದು ತುಂಬಿ ಜಡಿದು ಹಾರಿಸುವ ಅವನ ಅಪ್ಪನ ಕಾಲದ ಬಂದೂಕು. ಬೆಳಿಗ್ಗೆ ಒಂದು ಸಲ, ಹೊತ್ತು ಇಳಿಯುವಾಗ ಒಂದು ಸಲ ಆಕಾಶಕ್ಕೆ ಹಾರಿಸುತ್ತಿದ್ದ. ಗುಬ್ಬಿ, ಗಿಣಿ, ಬೆಳವ ಎಲ್ಲ ಭರ್ ಎಂದು ಎದ್ದು ಜಿಡಗಾದ ಮಠದ ಕಡೆಗೆ ಒಂದು ಸುತ್ತು ಹಾಕಿ, ಹೊಗೆ ಕರಗುವಷ್ಟರಲ್ಲಿ ಮತ್ತೆ ಅದೇ ಹೊಲಕ್ಕೆ ಬಂದು ಕೂರುತ್ತಿದ್ದವು. ಇದನ್ನು ಅವನು ಬೆಳೆ ಕಾಯುವುದು ಅನ್ನುತ್ತಿದ್ದ. ಊರವರೂ ಹಾಗೇ ಅನ್ನುತ್ತಿದ್ದರು, ಯಾಕೆಂದರೆ ಅವನ ಅಪ್ಪನೂ ಹೀಗೆಯೇ ಕಾಯುತ್ತಿದ್ದ. ಆ ಬಂದೂಕಿನಿಂದ ಒಂದು ಇಲಿಯೂ ಸತ್ತದ್ದಿಲ್ಲ.

ಬಂದೂಕಿಗಿಂತ ಹೆಚ್ಚಾಗಿ ಅವನು ಜೀವ ಇಟ್ಟಿದ್ದು ಅದರ ಕಾಗದದ ಮೇಲೆ. ನಿಜಾಮ ಸರ್ಕಾರದ ಮೊಹರು ಬಿದ್ದ ಉರ್ದು ಲೈಸೆನ್ಸು. ಅದನ್ನು ಸುರುಳಿ ಸುತ್ತಿ ಬಿದಿರಿನ ಕೊಳವೆಯೊಳಗೆ ಇಟ್ಟು ಕೊರಳಿಗೆ ತೂಗಿಸಿಕೊಳ್ಳುತ್ತಿದ್ದ. ಓದಲು ಬರುತ್ತಿರಲಿಲ್ಲ. ಆದರೆ ಅದರ ರೂಪ ಪೂರ್ತಿ ಗೊತ್ತಿತ್ತು: ಮೇಲೆ ದುಂಡನೆಯ ಮೊಹರು, ನಡುವೆ ಇರುವೆ ಹರಿದಂಥ ಸಾಲುಗಳು, ಕೆಳಗೆ ತನ್ನ ಹೆಬ್ಬೆಟ್ಟು.

ಈ ಕಾಗದದ ಶಾಸ್ತ್ರ ಅವನಿಗೆ ಕಲಿಸಿದವರು ಆಳಂದದ ಅಬ್ದುಲ್ ಗನಿ. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಹಲಗೆ ಹಾಕಿಕೊಂಡು ಅರ್ಜಿ ಬರೆಯುವವರು. ಅಪ್ಪ ಸತ್ತ ವರ್ಷ ಸೈದಪ್ಪ ಅವರ ಮುಂದೆ ಹೋಗಿ ಕುಳಿತು, ಮನೆ, ಎತ್ತು, ಬಂದೂಕು ಮೂರೂ ನನ್ನ ಹೆಸರಿಗೆ ಬಂದಿವೆ ಎಂದಿದ್ದ.

“ಮನಿ ಬರ್ತದ, ಎತ್ತು ಬರ್ತದ. ಬಂದೂಕ ಬರಂಗಿಲ್ಲ ಸೈದಪ್ಪಾ,” ಎಂದಿದ್ದರು ಗನಿ ಸಾಹೇಬರು. “ಅದು ಅಪ್ಪಂದಲ್ಲ, ಅಪ್ಪನ ಹೆಸರಿಗೆ ಇದ್ದದ್ದು. ಈಗ ನೀ ಹೊಸದಾಗಿ ಕೇಳಬೇಕು. ಯಾಕ ಬೇಕು ಅಂತ ಹೇಳಬೇಕು. ನೀ ಸಭ್ಯ ಮನಶ್ಯಾ ಅಂತ ಊರ ಪಾಟೀಲ ಹೇಳಬೇಕು. ಒಬ್ಬರಿಗೆ ಒಂದು ಬಂದೂಕು. ಸರ್ಕಾರ ಹೇಳಿದಷ್ಟೇ ಮದ್ದು. ಇನ್ನೊಬ್ಬರ ಕೈಗೆ ಕೊಡೋ ಹಂಗಿಲ್ಲ. ವರ್ಷಕ್ಕೊಮ್ಮಿ ಬಂದು ಕಾಗದ ಹೊಸದು ಮಾಡಿಸಬೇಕು.”

“ಯಾಕ ಬೇಕು ಅಂದ್ರ ಏನ್ ಹೇಳ್ಬೇಕ್ರಿ?”

“ಖರೇ ಹೇಳು.”

“ಹಕ್ಕಿ ಅಂಜಿಸಾಕ.”

ಗನಿ ಸಾಹೇಬರು ಹಾಗೆಯೇ ಬರೆದರು. ಮೇಲಿನ ಅಧಿಕಾರಿ ನಕ್ಕು ಮೊಹರು ಹಾಕಿದನಂತೆ. ಅದಕ್ಕೂ ಮೊದಲು, ಅರ್ಜಿ ಬರೆಯುವ ಮುಂಚೆಯೇ, ಸೈದಪ್ಪ ಹೆಬ್ಬೆಟ್ಟು ಒತ್ತಲು ಆತುರದಿಂದ ಕೈ ಚಾಚಿದಾಗ ಕಾಗದ ಇನ್ನೂ ಖಾಲಿ ಇತ್ತು. ಗನಿ ಸಾಹೇಬರು ಅವನ ಕೈಗೆ ಲೇಖಣಿಯಿಂದ ಒಂದು ಬಿಟ್ಟರು. “ಖಾಲಿ ಕಾಗದಕ್ಕ ಎಂದೂ ಬೆಟ್ಟು ಒತ್ತಬ್ಯಾಡ. ತಮ್ಮ ಬಂದು ಕೇಳಿದ್ರೂ ಒತ್ತಬ್ಯಾಡ, ನಾ ಕೇಳಿದ್ರೂ ಒತ್ತಬ್ಯಾಡ. ಮ್ಯಾಲ ಏನ್ ಬೇಕಾದ್ರೂ ಬರ್ಕೋಬಹುದು.” ಅರ್ಜಿ ಮುಗಿದ ಮೇಲೆ, ಹೆಬ್ಬೆಟ್ಟಿನ ಕೆಳಗೆ ಅವರು ಇನ್ನೊಂದು ಸಣ್ಣ ಸಾಲು ಓರೆಯಾಗಿ ಎಳೆದರು. ‘ಬಿಕಲಂ ಅಬ್ದುಲ್ ಗನಿ.’ ಬರೆದ ಕೈ ಇಂಥವರದು ಎಂದು ಅರ್ಥ. ಅರ್ಜಿಯಲ್ಲಿ ಸುಳ್ಳಿದ್ದರೆ ಬರೆದವರೂ ಹೊಣೆ. ಆ ಸಾಲಿಲ್ಲದ ಕಾಗದವನ್ನು ಕಚೇರಿಯಲ್ಲಿ ಯಾರೂ ಮುಟ್ಟುವುದಿಲ್ಲ.

ಅಂದಿನಿಂದ ಇಪ್ಪತ್ತು ವರ್ಷ, ಪ್ರತಿ ಚಳಿಗಾಲ, ಸೈದಪ್ಪ ಒಂದು ಹೊರೆ ಹಾಲುಗಾಳಿನ ಜೋಳದ ತೆನೆ ಹೊತ್ತುಕೊಂಡು ಆಳಂದಕ್ಕೆ ಹೋಗುತ್ತಿದ್ದ. ಇಬ್ಬರೂ ಬೇವಿನ ಮರದ ಕೆಳಗೆ ಸಗಣಿಯ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಸೀತನಿ ತಿನ್ನುತ್ತಿದ್ದರು. ಅರ್ಜಿ ಬರೆಯುವುದು ಅರ್ಧ ತಾಸಿನ ಕೆಲಸ. ಅವರು ಮಾತ್ರ ಸಂಜೆ ತನಕ ಕೂರುತ್ತಿದ್ದರು. ಮಾತು ಬಹಳ ಇರುತ್ತಿರಲಿಲ್ಲ. ಗನಿ ಸಾಹೇಬರೂ ಒಂದು ಬಗೆಯ ಕನಸುಗಾರರೇ. ಶಾಯಿ ಒಣಗುವುದನ್ನು ನೋಡುತ್ತಾ ಕೂತರೆ ಗಿರಾಕಿ ಬಂದದ್ದೂ ತಿಳಿಯುತ್ತಿರಲಿಲ್ಲವಂತೆ.

ಅಟ್ಟದ ಮೇಲೆ ಸೈದಪ್ಪನಿಗೆ ಬೀಳುತ್ತಿದ್ದ ಒಂದು ಕನಸನ್ನು ಅವನೇ ನನಗೆ ಹೇಳಿದ್ದಾನೆ. ಹೊಲದ ಗುಬ್ಬಿಗಳೆಲ್ಲ ಸಾಲಾಗಿ ಆಳಂದದ ಕಚೇರಿಯ ಮುಂದೆ ನಿಂತಿವೆ. ತೆನೆ ತಿನ್ನಲು ಅಪ್ಪಣೆ ಬೇಕು ಎಂದು ಒಂದೊಂದರ ಕೊಕ್ಕಿನಲ್ಲೂ ಒಂದು ಚೀಟಿ. ಗನಿ ಸಾಹೇಬರು ಒಂದೊಂದಕ್ಕೂ ತಾಳ್ಮೆಯಿಂದ ಬರೆಯುತ್ತಿದ್ದಾರೆ, ಗುಬ್ಬಿಗಳು ಕಾಲಿನ ಬೆರಳು ಶಾಯಿಗೆ ಅದ್ದಿ ಒತ್ತುತ್ತಿವೆ, ಕೆಳಗೆ ಆ ಓರೆ ಸಾಲು ಬೀಳುತ್ತಿದೆ. ಎಚ್ಚರವಾದಾಗ ಹಕ್ಕಿಗಳು ನಿಜವಾಗಿಯೂ ತೆನೆ ತಿನ್ನುತ್ತಿರುತ್ತಿದ್ದವು. ಅಪ್ಪಣೆ ಪಡೆದೇ ಬಂದಿರಬೇಕು ಎಂದು ಅವನು ಸುಮ್ಮನಿರುತ್ತಿದ್ದ. ಇಂಥವನನ್ನು ಬೆಳೆ ಕಾಯಲು ಇಟ್ಟ ಊರಿಗೆ ಏನು ಹೇಳಬೇಕೋ ನನಗಂತೂ ಗೊತ್ತಿಲ್ಲ.

ನಲವತ್ತೇಳರ ಆಗಸ್ಟಿನಲ್ಲಿ ಗಡಿಯೂರು ಖಜೂರಿಯ ಆಚೆ ಸ್ವಾತಂತ್ರ್ಯ ಬಂತು. ಈಚೆ ಬರಲಿಲ್ಲ. ನಮ್ಮದಿನ್ನೂ ನಿಜಾಮರ ಸೀಮೆ. ಒಂದು ಕಡೆ ರಜಾಕಾರರ ಹಾವಳಿ, ಇನ್ನೊಂದು ಕಡೆ ಗಡಿಯಾಚೆಯ ಶಿಬಿರಗಳಿಂದ ಬರುವ ಹೋರಾಟಗಾರರು. ಗಾಡಿ ಕಟ್ಟಿಕೊಂಡು ಮಕ್ಕಳುಮರಿ ಸಮೇತ ಗಡಿ ದಾಟಿದವರು ಎಷ್ಟೋ ಜನ. ಆ ಚಳಿಗಾಲ ಸೈದಪ್ಪ ಕಾಗದ ಹೊಸದು ಮಾಡಿಸಲು ಹೋದಾಗ, ರೈತರ ಬಂದೂಕುಗಳನ್ನೆಲ್ಲ ಕಸಿದಿಟ್ಟುಕೊಳ್ಳಬೇಕೆಂದು ಮಾತು ನಡೆದಿತ್ತು. ಗನಿ ಸಾಹೇಬರು ಕಚೇರಿಯ ಒಳಗೆ ಹೋಗಿ, ಈ ಮನುಷ್ಯ ಗುಬ್ಬಿಗೂ ಗಾಯ ಮಾಡಿದವನಲ್ಲ, ಬೇಕಾದರೆ ನನ್ನ ಜಾಮೀನು ಬರೆದುಕೊಳ್ಳಿ ಎಂದು ಹೇಳಿ ಬಂದೂಕನ್ನೂ ಮನುಷ್ಯನನ್ನೂ ಬಿಡಿಸಿ ತಂದಿದ್ದರು. ಹೊರಗೆ ಬಂದವರು ಸೀತನಿ ಆರಿಹೋಯಿತು ಎಂದಷ್ಟೇ ಹೇಳಿದರು.

ಮರುವರ್ಷ, ಸಜ್ಜೆಯ ತೆನೆಗೆ ಹಾಲು ತುಂಬಿದ ಹೊತ್ತಿನಲ್ಲಿ, ಭಾರತದ ಸೈನ್ಯ ಬಂತು. ಐದು ದಿನ. ಸೈದಪ್ಪ ಅಟ್ಟದ ಮೇಲಿಂದ ದೂರದ ರಸ್ತೆಯಲ್ಲಿ ಧೂಳು ಏಳುವುದನ್ನು ನೋಡಿದ. ವಿಮಾನ ಒಂದು ನೆತ್ತಿಯ ಮೇಲೆ ಹೋಯಿತು, ಹಕ್ಕಿಗಳು ಎದ್ದವು, ಅವತ್ತು ಬೇಗ ತಿರುಗಿ ಬರಲಿಲ್ಲ. ಆಮೇಲೆ ನಿಜಾಮರ ಸರ್ಕಾರ ಹೋಯಿತು ಎಂದರು. ಆಮೇಲಿನ ದಿನಗಳಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ಆಗಬಾರದ್ದು ಆಯಿತು. ಯಾರು ಏನೂ ಮಾಡಿರಲಿಲ್ಲವೋ ಅಂಥ ಮುಸಲ್ಮಾನರ ಮನೆಗಳ ಮೇಲೆ ಸೇಡು ತಿರುಗಿತು. ಮಾಡಿದವರಲ್ಲಿ ನಮ್ಮವರೂ ಇದ್ದರು. ಇದನ್ನು ಹೇಳದೆ ದಾಟಿಸುವ ಹಿರಿಯರನ್ನು ನಾನು ಬಹಳ ಕಂಡಿದ್ದೇನೆ; ನನಗೆ ಅದು ಆಗುವುದಿಲ್ಲ.

ಅಂಥ ದಿನಗಳಲ್ಲೇ ಒಂದು ಮುಂಜಾನೆ ಮಂಜಿನಲ್ಲಿ ಸೈದಪ್ಪ ಅಟ್ಟ ಹತ್ತಿದಾಗ, ಅವನು ಕೂರುವ ಜಾಗದಲ್ಲಿ ಒಂದು ಹಳೆಯ ಕೌದಿಯ ಗಂಟು ಮಲಗಿತ್ತು. ಬಿಚ್ಚಿದರೆ ಕಬ್ಬಿಣದ ಒಂದು ಕೊಳವೆ, ಅದಕ್ಕೆ ಮೈತುಂಬ ತೂತು, ಪಕ್ಕಕ್ಕೆ ಚಾಚಿಕೊಂಡ ಇನ್ನೊಂದು ಚಪ್ಪಟೆ ತುಂಡು. ಮೊದಲು ಅವನಿಗೆ ಅದು ಎಣ್ಣೆ ಇಂಜಿನಿನ ಯಾವುದೋ ಭಾಗ ಅನ್ನಿಸಿತು. ಬೆರಳಿಟ್ಟು ಎಳೆಯುವ ಕುದುರೆ ಕಂಡ ಮೇಲೆ ಬಂದೂಕು ಎಂದು ತಿಳಿಯಿತು. ಓಡಿಹೋಗುವ ರಜಾಕಾರ ಬಿಟ್ಟನೋ, ಶಿಬಿರದವನು ಮರೆತನೋ, ಕೊನೆಯ ತನಕ ಯಾರಿಗೂ ಗೊತ್ತಾಗಲಿಲ್ಲ. ಸೈದಪ್ಪ ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದು ದಿನವಿಡೀ ಕೂತ. ಹಕ್ಕಿಗಳಿಗೆ ಬಂದೂಕು ಹಾರಿಸುವುದನ್ನೂ ಮರೆತ.

ಮನೆಗೆ ತಂದಾಗ ಹೆಂಡತಿ ಗಂಗುಬಾಯಿ ಎದೆ ಬಡಿದುಕೊಂಡಳು.

“ಬಾವ್ಯಾಗ ಒಗೀರಿ ಅದನ್ನ!”

“ನೀರು ಕುಡಿಯೋ ಬಾವಿ ಬೇ ಅದು.”

“ಹೊಲದಾಗ ಹುಗೀರಿ.”

“ಮುಂದಿನ ವರ್ಷ ನೇಗಿಲಿಗೆ ಸಿಗ್ತದ. ಆವಾಗ ಯಾರದಂತ ಹೇಳೂದು?”

ಎರಡು ದಿನದಲ್ಲಿ ಡಂಗುರ ಸಾರಿದರು. ಇದ್ದಬದ್ದ ಬಂದೂಕು, ಪಿಸ್ತೂಲು ಎಲ್ಲ ಆಳಂದದ ಕಚೇರಿಗೆ ತಂದು ಒಪ್ಪಿಸಬೇಕು. ಹಳೆಯ ಲೈಸೆನ್ಸು ಇದ್ದವರು ಕಾಗದ ಜೊತೆಗೆ ತರಬೇಕು, ಹೊಸ ಸರ್ಕಾರ ನೋಡಿ ತೀರ್ಮಾನಿಸುತ್ತದೆ. ದಸರೆಯ ಮರುದಿನವೇ ಕೊನೆ. ಆಮೇಲೆ ಯಾರ ಹತ್ತಿರ ಕಾಗದವಿಲ್ಲದ ಬಂದೂಕು ಸಿಕ್ಕರೂ ಜೈಲು.

ಇಲ್ಲಿ ಸೈದಪ್ಪನ ತಲೆ ಕೆಲಸ ಮಾಡತೊಡಗಿತು. ಅದು ಕೆಲಸ ಮಾಡಿದಾಗಲೇ ಮನೆಯವರಿಗೆ ಭಯ. ಒಪ್ಪಿಸಬೇಕಾದರೆ ಹೊತ್ತುಕೊಂಡು ಹೋಗಬೇಕು. ಹೊತ್ತುಕೊಂಡು ಹೋಗುವುದು ಅಂದರೆ ಕಾಗದವಿಲ್ಲದ ಬಂದೂಕು ಹಿಡಿದು ದಾರಿಯಲ್ಲಿ ನಡೆಯುವುದು. ದಾರಿಗುಂಟ ಸಿಪಾಯಿಗಳು. ಆದ್ದರಿಂದ ಮೊದಲು ಕಾಗದ ಬೇಕು. ಕಾಗದ ಅಂದರೆ ಗನಿ ಸಾಹೇಬರು. ಗಂಗುಬಾಯಿ ಎಷ್ಟು ಹೇಳಿದರೂ ಕೇಳದೆ, ಬಂದೂಕನ್ನು ಕಾಳಿನ ಗುಮ್ಮಿಯ ಹಿಂದೆ ಇಟ್ಟು, ಬರಿಗೈಲಿ ಆಳಂದಕ್ಕೆ ನಡೆದ.

ಬೇವಿನ ಮರದ ಕೆಳಗೆ ಹಲಗೆ ಇರಲಿಲ್ಲ. ಉದುರಿದ ಎಲೆ ಯಾರೂ ಗುಡಿಸಿರಲಿಲ್ಲ. ಗನಿ ಸಾಹೇಬರ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು, ಕೆಲವಕ್ಕೆ ಹೊರಗಿನಿಂದ ಬೀಗ. ಅವರ ಮನೆಯ ಬಾಗಿಲನ್ನು ಮೂರು ಸಲ ಬಡಿದ ಮೇಲೆ ಒಳಗಿನಿಂದ ಅವರ ಹೆಂಡತಿ ನಜಮುನ್ನಿಸಾ, “ಯಾರು? ಮನ್ಯಾಗ ಯಾರೂ ಇಲ್ಲ,” ಎಂದರು.

“ನಾ ರಿ ಅಕ್ಕಾ, ಜಿಡಗಾದ ಸೈದಪ್ಪ. ಹಕ್ಕಿ ಸೈದಪ್ಪ.”

ಬಾಗಿಲು ನಾಲ್ಕು ಬೆರಳು ತೆರೆಯಿತು. ಒಳಗೆ ಗನಿ ಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಗಡ್ಡ ಬೆಳೆದಿತ್ತು. ಬೆರಳುಗಳಲ್ಲಿ ಶಾಯಿಯ ಕಲೆ ಇರಲಿಲ್ಲ. ಅದನ್ನು ನೋಡಿ ಸೈದಪ್ಪನಿಗೆ ಅಳು ಬಂತಂತೆ. ಅವನು ಬಂದ ಕಾರಣ ಹೇಳಿದ. ಬಂದೂಕಿನ ರೂಪ ಹೇಳುತ್ತಿದ್ದಂತೆ ಗನಿ ಸಾಹೇಬರು ಎದ್ದು ಹೋಗಿ ಬಾಗಿಲಿನ ಅಗುಳಿ ಹಾಕಿದರು.

“ಅದು ಮಶೀನ್ ಬಂದೂಕ, ಸೈದಪ್ಪಾ. ಒಮ್ಮಿ ಒತ್ತಿ ಹಿಡಿದ್ರ ಬಿಡೋ ತನಕ ಸುರೀತಾನೇ ಇರ್ತದ.”

“ಅದಕ್ಕೊಂದು ಕಾಗದ ಬರೀರಿ. ಒಪ್ಪಿಸೂ ತನಕ ಸಾಕು.”

“ಅದಕ್ಕ ಕಾಗದ ಅಂಬೋದೇ ಇಲ್ಲ. ನಿನ್ನಂಥ ರೈತಗೂ ಇಲ್ಲ, ಪಾಟೀಲಗೂ ಇಲ್ಲ, ಜಹಗೀರದಾರಗೂ ಇಲ್ಲ. ಅಂಥದ್ದು ಬರೇ ಸರ್ಕಾರದ ಸಿಪಾಯಿ ಕೈಯಾಗ ಇರ್ಬೇಕು. ಹಿಂದಿನ ಸರ್ಕಾರಕ್ಕೂ ಇದೇ ಕಾಯ್ದೆ ಇತ್ತು, ಈಗಿನವರಿಗೂ ಇದೇ. ಯಾಕ ಬೇಕು ಅಂತ ಕೇಳಿದ್ರ ಏನ್ ಬರೀಲಿ? ಹಕ್ಕಿ ಅಂಜಿಸಾಕ ಅಂತ ಬರೀಲೇನು?”

“ಬ್ಯಾಡಾಗೇದ ಅಂತ ಬರೀರಿ.”

ಗನಿ ಸಾಹೇಬರು ಬಹಳ ದಿನಗಳ ಮೇಲೆ ನಕ್ಕರು ಎಂದು ನಜಮುನ್ನಿಸಾ ಆಮೇಲೆ ಗಂಗುಬಾಯಿಗೆ ಹೇಳಿದರಂತೆ. ಶಾಯಿಯ ದೌತಿ ಒಣಗಿತ್ತು, ನೀರು ಹಾಕಿ ಕಲಕಿದರು. ಬರೆದರು: ‘ಜಿಡಗಾದ ಸೈದಪ್ಪನ ಅಟ್ಟದ ಮೇಲೆ ಹೆಸರು ಗೊತ್ತಿಲ್ಲದವರು ಬಿಟ್ಟುಹೋದ ಒಂದು ಬಂದೂಕು ಸಿಕ್ಕಿದೆ. ಅದು ಅವನದಲ್ಲ, ಅವನಿಗೆ ಬೇಡ. ಸರ್ಕಾರಕ್ಕೆ ಒಪ್ಪಿಸಲು ತರುತ್ತಿದ್ದಾನೆ. ದಾರಿಯಲ್ಲಿ ತಡೆಯಬಾರದು.’ ಓದಿ ಹೇಳಿದರು. ಸೈದಪ್ಪ ಹೆಬ್ಬೆಟ್ಟು ಒತ್ತಿದ. ಗನಿ ಸಾಹೇಬರು ಲೇಖಣಿಯನ್ನು ಕೆಳಗೆ ಇಟ್ಟರು.

ಓದಲು ಬಾರದಿದ್ದರೂ ಸೈದಪ್ಪನಿಗೆ ಕಾಗದದ ರೂಪ ಗೊತ್ತಿತ್ತಲ್ಲ. ಅವನು ಹೆಬ್ಬೆಟ್ಟಿನ ಕೆಳಗಿನ ಖಾಲಿ ಜಾಗವನ್ನು ನೋಡಿದ.

“ಕಡೀ ಸಾಲು?”

“ಈ ಸಲ ಬ್ಯಾಡ,” ಎಂದರು ಗನಿ ಸಾಹೇಬರು. ಗೋಡೆಯನ್ನು ನೋಡುತ್ತಾ ಹೇಳಿದರು, “ಮಶೀನ್ ಬಂದೂಕಿನ ಕಾಗದದ ಕೆಳಗ ನನ್ನಂಥವನ ಹೆಸರಿದ್ರ, ಅದು ನನ್ನ ಮನಿಂದಾನೇ ಹೋಗೇದ ಅಂತಾರ. ಮನಿ ಉಳೆಂಗಿಲ್ಲ, ಸೈದಪ್ಪಾ.”

ಸೈದಪ್ಪ ಕಾಗದ ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡು, ಚಪ್ಪಲಿ ಹಾಕಿಕೊಂಡು ಹೊರಟ.

ಮಹಾನವಮಿಯ ದಿನ ಗಂಗುಬಾಯಿ ಮಾಡಿದ ಕೆಲಸವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಖಂಡೆ ಪೂಜೆ. ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಅವತ್ತು ಕುಂಕುಮ, ಹೂ. ಕುಡುಗೋಲು, ಕುಳ, ಕೊಡಲಿ, ಈಳಿಗೆ, ಸೈದಪ್ಪನ ಬಂದೂಕು, ಒಂದು ಸೂಜಿಯನ್ನೂ ಬಿಡುವ ಹಾಗಿಲ್ಲ. ಬಿಟ್ಟ ಕಬ್ಬಿಣ ವರ್ಷದೊಳಗೆ ಮನೆಯವರ ರಕ್ತ ನೋಡುತ್ತದೆ ಎಂದು ಆಕೆಗೆ ಆಕೆಯ ಅತ್ತೆ ಹೇಳಿದ್ದರು. ಗುಮ್ಮಿಯ ಹಿಂದಿನದನ್ನು ನೆನೆಸಿಕೊಂಡು ಆಕೆ ಮಧ್ಯಾಹ್ನದ ತನಕ ಒದ್ದಾಡಿ, ಕೊನೆಗೆ ಬಾಗಿಲು ಮುಂದೆ ಮಾಡಿ, ಅದನ್ನೂ ತಂದು ಸಾಲಿನಲ್ಲಿ ಇಟ್ಟಳು. ಅರಿಶಿನ ಹಚ್ಚಿದಳು. ತೂತು ತೂತಿಗೂ ಕುಂಕುಮ ಇಟ್ಟಳು. ಪಕ್ಕಕ್ಕೆ ಚಾಚಿದ ತುಂಡಿಗೆ ಚೆಂಡುಹೂವಿನ ಸರ ಸುತ್ತಿದಳು. ಸೈದಪ್ಪ ಕೈ ಮುಗಿದ. ಪೂಜೆಗೆ ಕೂತ ಕಬ್ಬಿಣವನ್ನು ಬನ್ನಿ ಮುಡಿದ ಮೇಲೆ ಎತ್ತಬೇಕು, ಅದರ ಕುಂಕುಮ ಒರೆಸಬಾರದು. ಒರೆಸಲಿಲ್ಲ.

ದಸರೆಯ ಮರುದಿನ ಗಂಡಹೆಂಡಿರು ಇಬ್ಬರೂ ಹೊರಟರು. ಇವನು ಎಲ್ಲಾದರೂ ಆಕಾಶ ನೋಡುತ್ತಾ ನಿಂತುಬಿಟ್ಟರೆ ಎಂದು ಗಂಗುಬಾಯಿ ರೊಟ್ಟಿಯ ಗಂಟು ಕಟ್ಟಿಕೊಂಡು ಹಿಂದೆ ನಡೆದಳು. ಸೈದಪ್ಪನ ಬಲ ಹೆಗಲಿಗೆ ತನ್ನ ಬಂದೂಕು, ಎಡ ಹೆಗಲಿಗೆ ಕೌದಿಯಲ್ಲಿ ಸುತ್ತಿದ ಇನ್ನೊಂದು. ಎರಡೂ ಕಡೆ ಸಜ್ಜೆ ಆಳೆತ್ತರ ನಿಂತು ದಾರಿ ಮುಚ್ಚಿತ್ತು, ಮಂಜು ಇನ್ನೂ ಏಳುತ್ತಿತ್ತು. ನಡೆಯುತ್ತಿದ್ದದ್ದು ತಾನೋ ದಾರಿಯೋ ಎಂದು ತಿಳಿಯುತ್ತಿರಲಿಲ್ಲ ಎಂದು ಅವನು ಹೇಳುತ್ತಿದ್ದ. ಯಾವ ಸಿಪಾಯಿಯೂ ತಡೆಯಲಿಲ್ಲ. ಕಾಗದ ತೋರಿಸುವ ಪ್ರಸಂಗವೇ ಬರಲಿಲ್ಲ.

ಕಚೇರಿಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಮಿಲಿಟರಿ ಕಪ್ತಾನ ಕೂತಿದ್ದ, ಹಿಂದಿ ಆಡುವವನು. ಪಕ್ಕದಲ್ಲಿ ಕನ್ನಡದಲ್ಲಿ ತಿಳಿಸಿ ಹೇಳಲು ಗುಮಾಸ್ತ ದೌಲತರಾಯ. ಸೈದಪ್ಪ ಮೊದಲು ತನ್ನ ಬಂದೂಕನ್ನೂ ಬಿದಿರ ಕೊಳವೆಯ ಲೈಸೆನ್ಸನ್ನೂ ಇಟ್ಟ. ಬರೆದುಕೊಂಡರು. ಆಮೇಲೆ ಕೌದಿ ಬಿಚ್ಚಿದ. ಅರಿಶಿನ ಕುಂಕುಮ ಮೆತ್ತಿಕೊಂಡು, ಬಾಡಿದ ಚೆಂಡುಹೂವಿನ ಸರ ತೊಟ್ಟು, ಆ ಬಂದೂಕು ಮೇಜಿನ ಮೇಲೆ ಮದುಮಗಳ ಹಾಗೆ ಮಲಗಿತು. ಕಪ್ತಾನ ಎದ್ದು ನಿಂತ. “ಸ್ಟೆನ್ ಗನ್,” ಎಂದ.

“ಇದು ಎಲ್ಲಿಂದ ಬಂತು?” ಎಂದು ದೌಲತರಾಯ ಕೇಳಿದ.

“ಅಟ್ಟದ ಮ್ಯಾಲ ಸಿಕ್ತರಿ. ನಂದಲ್ಲರಿ.”

“ನಿಂದಲ್ಲ ಅಂದ್ರ ಪೂಜಿ ಯಾಕ ಮಾಡೀದಿ? ಮಂದಿ ಕೊಡ್ಲಿಗಿ ಯಾರರೆ ಪೂಜಿ ಮಾಡ್ತಾರೇನು?”

“ಮನಿಗಿ ಬಂದ ಬೀಗರಿಗೂ ಕುಂಕುಮ ಹಚ್ಚಿ ಕಳಸ್ತೇವಲ್ರಿ,” ಎಂದ ಸೈದಪ್ಪ.

ದೌಲತರಾಯ ಇದನ್ನು ಕಪ್ತಾನನಿಗೆ ಹೇಗೆ ತಿಳಿಸಿದನೋ, ಕಪ್ತಾನನ ಮುಖ ಸಡಿಲವಾಗಲಿಲ್ಲ. ಸೈದಪ್ಪ ರುಮಾಲಿನಿಂದ ಕಾಗದ ತೆಗೆದು ಕೊಟ್ಟ. ಅದನ್ನು ತಿರುವಿ ಮುರುವಿ ನೋಡಿ ದೌಲತರಾಯ ತಲೆಯಾಡಿಸಿದ. ಬಿಕಲಂ ಇಲ್ಲ. ಬರೆದವರು ಯಾರು ಎಂದು ಕೇಳಿದರು. ಬಂದೂಕಿನ ಸುದ್ದಿ ಮೊದಲೇ ಗೊತ್ತಿದ್ದೂ ಹೆಸರು ಮುಚ್ಚಿಕೊಂಡವನೇ ಅದರ ಒಡೆಯ ಇರಬೇಕು ಎಂದು ಕಪ್ತಾನನ ಎಣಿಕೆ. ಹೆಸರು ಹೇಳಿದರೆ ಈಗಲೇ ಮನೆಗೆ ಹೋಗಬಹುದು. ಹೇಳದಿದ್ದರೆ ಇಂಥ ಬಂದೂಕು ಇಟ್ಟುಕೊಂಡವರಿಗೆ ಆಗುವ ಶಿಕ್ಷೆ ಇವನಿಗೇ ಆಗುತ್ತದೆ, ವರ್ಷಗಟ್ಟಲೆ ಜೈಲು.

“ನಾ ಹೇಳೂದಿಲ್ರಿ,” ಎಂದ ಸೈದಪ್ಪ.

ಇನ್ನೂ ಎರಡು ಸಲ ಕೇಳಿದರು. ಅವನು ಬೇವಿನ ಮರದ ಕಡೆ ನೋಡುತ್ತಿದ್ದ. ಕೊನೆಗೆ ಹಳೆಯ ಕಡತಗಳನ್ನಿಟ್ಟ ಕೋಣೆಗೆ ಅವನನ್ನು ಹಾಕಿ ಚಿಲಕ ಇಕ್ಕಿದರು.

ಕೋಣೆಯಲ್ಲಿ ಕಾಗದದ ವಾಸನೆ. ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು. ಕಟ್ಟುಕಟ್ಟು ಅರ್ಜಿಗಳ ನಡುವೆ ಬೆನ್ನು ಚಾಚಿದ ಸೈದಪ್ಪನಿಗೆ ಕಣ್ಣು ಹತ್ತಿತು. ಗುಬ್ಬಿಗಳು ಮತ್ತೆ ಬಂದವು. ಚೀಟಿ ಹಿಡಿದು ಸಾಲಾಗಿ ನಿಂತವು, ಗನಿ ಸಾಹೇಬರು ಬರೆದರು, ಗುಬ್ಬಿಗಳು ಶಾಯಿಯ ಬೆರಳು ಒತ್ತಿದವು. ಆದರೆ ಕೆಳಗಿನ ಸಾಲು ಬೀಳಲಿಲ್ಲ. ಗುಬ್ಬಿಗಳು ಕಾಯುತ್ತ ನಿಂತವು. ಒಂದೂ ಹಾರಲಿಲ್ಲ. ಅಷ್ಟೊಂದು ಹಕ್ಕಿ ಸದ್ದಿಲ್ಲದೆ ಕೂತದ್ದನ್ನು ತಾನು ಜನ್ಮದಲ್ಲಿ ನೋಡಿರಲಿಲ್ಲ, ಹೆದರಿಕೆಯಾಯಿತು ಎಂದು ಹೇಳಿದ್ದಾನೆ. ಅವನು ತನ್ನ ಬಾಯಿಂದ ಹೆದರಿಕೆ ಎಂಬ ಮಾತು ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಗಂಗುಬಾಯಿ ಅಳುತ್ತಾ ಕೂರಲಿಲ್ಲ. ನೆಟ್ಟಗೆ ಗನಿ ಸಾಹೇಬರ ಓಣಿಗೆ ಹೋದಳು. ಬಾಗಿಲು ತೆರೆದ ನಜಮುನ್ನಿಸಾಗೆ ಒಂದೇ ಮಾತು ಹೇಳಿದಳು: “ಕಾಗದ ಯಾರು ಬರದ್ರು ಅಂತ ಕೇಳಾಕತ್ತಾರ ಅಕ್ಕಾ. ನಮ್ಮವರು ಹೇಳವಲ್ಲರು.” ಹೇಳಿ ಮೆಟ್ಟಿಲ ಮೇಲೆ ಕೂತಳು. ಬರ್ರಿ ಎಂದೂ ಕರೆಯಲಿಲ್ಲ, ಬೈಯಲೂ ಇಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ನೀರಿನ ಸದ್ದು ಕೇಳಿತು. ಗನಿ ಸಾಹೇಬರು ಮುಖ ತೊಳೆದು, ಶೇರವಾನಿಯ ಗುಂಡಿ ಕೊರಳ ತನಕ ಹಾಕಿಕೊಂಡು, ದೌತಿ ಲೇಖಣಿ ಹಿಡಿದು ಹೊರಗೆ ಬಂದರು. ನಜಮುನ್ನಿಸಾ ಅವರ ತೋಳು ಹಿಡಿದು, ಬಿಟ್ಟರು. ಇಪ್ಪತ್ತು ದಿನಗಳಿಂದ ಹೊಸ್ತಿಲು ದಾಟದ ಮನುಷ್ಯ ನಡುಹಗಲಲ್ಲಿ ಬಜಾರದ ನಡುವೆ ನಡೆದರು. ಅಂಗಡಿಗಳವರು ಮಾತು ನಿಲ್ಲಿಸಿ ನೋಡಿದರು. ಗಂಗುಬಾಯಿ ಒಂದು ಹೆಜ್ಜೆ ಮುಂದೆ ನಡೆದಳು, ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರಾದರೂ ಅಡ್ಡ ಬಂದರೆ ನೋಡಿಯೇಬಿಡುತ್ತೇನೆ ಎನ್ನುವ ಹಾಗೆ.

ಕಚೇರಿಯಲ್ಲಿ ಗನಿ ಸಾಹೇಬರು ಸಲಾಮು ಮಾಡಿ, ಆ ಕಾಗದ ಕೊಡಿ, ಒಂದು ಸಾಲು ಬಾಕಿ ಇದೆ ಎಂದರು. ಸೈದಪ್ಪನನ್ನು ಹೊರಗೆ ತಂದರು. ಅವನ ಕಣ್ಣೆದುರಿಗೆ ಗನಿ ಸಾಹೇಬರು ನಿಂತಲ್ಲೇ ಬಗ್ಗಿ, ಹೆಬ್ಬೆಟ್ಟಿನ ಕೆಳಗೆ ತಮ್ಮ ಹೆಸರು ಬರೆದರು.

ಮೊದಲೇ ಯಾಕೆ ಬರೆಯಲಿಲ್ಲ ಎಂದು ಕಪ್ತಾನ ಕೇಳಿದ.

“ಅಂಜಿದ್ದೆ ಸಾಹೇಬ.”

ಈಗ ಅಂಜಿಕೆ ಹೋಯಿತೇ ಎಂದ.

“ಇಲ್ಲ. ಅಂಜಿಕಿ ಈಗೂ ಅದ. ಆದ್ರ ಇವನಿಗಿ ಓದಾಕ ಬರಂಗಿಲ್ಲ, ಆದ್ರೂ ಆ ಸಾಲಿಲ್ಲ ಅಂಬೋದು ಗೊತ್ತಾಗಿತ್ತು. ಗೊತ್ತಾಗಿ ಸುಮ್ಮನ ಎದ್ದು ಹೋದ. ಆವತ್ತಿಂದ ನನಗ ನಿದ್ದಿ ಇಲ್ಲ.”

ದೌಲತರಾಯ, ಅವನ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲೇಬೇಕು, ತಾನಾಗಿಯೇ ಎದ್ದು ಕಡತದ ಕೋಣೆಗೆ ಹೋಗಿ ಹುಡುಕಿ ತಂದ. ಇಪ್ಪತ್ತು ವರ್ಷದ ಇಪ್ಪತ್ತು ಅರ್ಜಿ. ಎಲ್ಲದರಲ್ಲೂ ಒಂದೇ ಕೈ, ಒಂದೇ ಹೆಬ್ಬೆಟ್ಟು, ಒಂದೇ ಕಾರಣ: ಹಕ್ಕಿ ಅಂಜಿಸಲು. ಕಪ್ತಾನ ಒಂದೊಂದನ್ನೂ ನೋಡಿದ. ಸೈದಪ್ಪನನ್ನು ಬಿಡಿ ಎಂದ. ಗನಿ ಸಾಹೇಬರನ್ನು ಮಾತ್ರ ವಿಚಾರಣೆ ಮುಗಿಯುವ ತನಕ ಇಟ್ಟುಕೊಂಡರು. ಸೈದಪ್ಪ ಹೊರಬಂದ ಕೋಣೆಗೇ ಅವರು ಒಳಹೋದರು.

ಸೈದಪ್ಪ ಮನೆಗೆ ಹೋಗಲಿಲ್ಲ. ಬೇವಿನ ಮರದ ಕೆಳಗಿನ ಎಲೆ ಗುಡಿಸಿ, ಗನಿ ಸಾಹೇಬರು ಕೂರುವ ಜಾಗ ಬಿಟ್ಟು ಅದರ ಎದುರಿಗೆ ಕೂತ. ಮೂರು ದಿನ ಕೂತ. ಗಂಗುಬಾಯಿ ನಜಮುನ್ನಿಸಾರ ಮನೆಯಲ್ಲಿ ಉಳಿದು, ರೊಟ್ಟಿ ಬಡಿದು, ಇಬ್ಬರಿಗೂ ತಂದುಕೊಟ್ಟಳು, ಒಂದು ಬುತ್ತಿ ಒಳಗೆ, ಒಂದು ಹೊರಗೆ. ಅತ್ತ ಜಿಡಗಾದ ಸಜ್ಜೆ ಹಕ್ಕಿಗಳ ಪಾಲಾಯಿತು. ಊರವರು ಬೈದರು. ಇವನು ಇದ್ದಿದ್ದರೂ ಅಷ್ಟೇ ಆಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯ ದಿನ ಗನಿ ಸಾಹೇಬರನ್ನು ಬಿಟ್ಟರು. ಅವರು ಮೆಟ್ಟಿಲಿಳಿದು ಬಂದು, ಗುಡಿಸಿದ ಜಾಗ ನೋಡಿ, ಮನೆಗೆ ಹೋಗುವ ಬದಲು ಅಲ್ಲೇ ಕೂತರು. ಗಾಳಿಗೆ ಬೇವಿನ ಎಲೆ ಉದುರುತ್ತಿತ್ತು.

“ನಿನ್ನ ಬಂದೂಕ?” ಎಂದರು ಗನಿ ಸಾಹೇಬರು.

“ಒಳಗದ ರಿ. ಹಳೀ ಕಾಗದ ನಡ್ಯಂಗಿಲ್ಲಂತ. ಹೊಸಾ ಸರ್ಕಾರಕ್ಕ ಹೊಸದಾಗಿ ಕೇಳ್ಬೇಕಂತ.”

“ಹಂಗಾದ್ರ ಬರೀತೇನಿ.” ಗನಿ ಸಾಹೇಬರು ಶೇರವಾನಿಯ ಜೇಬಿನಿಂದ ಒಂದು ಹಾಳೆ ತೆಗೆದು ಮೊಳಕಾಲ ಮೇಲೆ ಹರವಿಕೊಂಡರು. ಲೇಖಣಿ ಅದ್ದಿದರು.

ಸೈದಪ್ಪ ಕೈ ಚಾಚಿ, ಶಾಯಿಯಲ್ಲಿ ಹೆಬ್ಬೆಟ್ಟು ಅದ್ದಿ, ಆ ಖಾಲಿ ಹಾಳೆಯ ಕೆಳಗಡೆ ಒತ್ತಿಬಿಟ್ಟ.

ಈ ಸಲ ಗನಿ ಸಾಹೇಬರು ಅವನ ಕೈಗೆ ಹೊಡೆಯಲಿಲ್ಲ. ಹಸಿ ಹೆಬ್ಬೆಟ್ಟನ್ನೇ ನೋಡುತ್ತ ಕೂತರು. ಆಮೇಲೆ ಅದರ ಕೆಳಗೆ ಓರೆಯಾಗಿ ತಮ್ಮ ಹೆಸರು ಬರೆದರು. ಮೇಲಿನದನ್ನು ಇಬ್ಬರೂ ಕೂಡಿ ಆಮೇಲೆ ತುಂಬಿದರು.